ಟೈಲರಮ್ಮನ ಸವತಿ

ನಮ್ಮ ಬೀದಿಯವರೆಲ್ಲ ಆಕೆಯನ್ನು ಕರೆಯುವುದು ಟೈಲರಮ್ಮ ಅಂತಲೇ. ನೆಲಮಹಡಿಯಲ್ಲಿ ಮನೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಆನಿಸಿದ ಕತ್ತರಿಸುವ ಮೇಜು, ಅದರ ಮೇಲೆ ಸೀಮೆಸುಣ್ಣ, ಇಸ್ತ್ರಿಪೆಟ್ಟಿಗೆ, ಗುಂಡಿಗಳ ಡಬ್ಬಗಳು. ಆಕೆ ಅಡುಗೆ ಮಾಡುವಾಗಲೂ ಕುತ್ತಿಗೆಯಿಂದ ಅಳತೆಯ ಟೇಪು ಇಳಿಯುವುದಿಲ್ಲ. ಎದುರಿಗೆ ಬಂದವರ ಮುಖ ನೋಡುವ ಮೊದಲು ಭುಜ ನೋಡುತ್ತಾರೆ. ಎಡಭುಜ ಬಲಕ್ಕಿಂತ ತಗ್ಗಿದ್ದರೆ ಅದು ಆಕೆಯ ಕಣ್ಣಿಗೆ ಬಿತ್ತೆಂದೇ ತಿಳಿಯಬೇಕು.

ಹೊಲಿಗೆ ಕಲಿಸಿದ್ದು ಅಪ್ಪ. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದ್ದ ಮನುಷ್ಯ. ಮಗಳು ಮೊದಲ ಸಲ ಗುಂಡಿ ತೂರಿಸುವ ಕಾಜಾ ಹೆಣೆದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿ, “ಇದು ಕೈಯಲ್ಲ, ಬಂಗಾರ” ಎಂದಿದ್ದರಂತೆ. ಹಾಗೆ ದಿನಕ್ಕೊಂದು ಹೊಗಳಿಕೆ ಉಂಡು ಬೆಳೆದ ಹುಡುಗಿ ಮದುವೆಯಾಗಿ ಬಂದದ್ದು ತುಟಿ ಪಿಟಕ್ಕೆನ್ನದ ಗಂಡನ ಮನೆಗೆ.

ಗಂಡ ಲಿಫ್ಟ್ ಮೆಕ್ಯಾನಿಕ್. ಬೀದಿಯಲ್ಲಿ ಅವರ ಹೆಸರು ಲಿಫ್ಟಿನವರು. ಕೆಟ್ಟವರಲ್ಲ, ಕುಡಿಯುವವರಲ್ಲ, ಕೈಯೆತ್ತುವವರಂತೂ ಅಲ್ಲವೇ ಅಲ್ಲ. ಆದರೆ ಮಾತು ಅಂದರೆ ತೆರಿಗೆ ಕಟ್ಟಬೇಕೇನೋ ಎಂಬಷ್ಟು ಬಿಗಿ. ಮದುವೆಯಾದ ಹೊಸದರಲ್ಲಿ ಟೈಲರಮ್ಮ ಅವರಿಗೊಂದು ಅಂಗಿ ಹೊಲಿದುಕೊಟ್ಟರು. ಕಾಲರ್ ಕೂರಿಸುವುದಕ್ಕೇ ಅರ್ಧ ದಿನ ಹಿಡಿದಿತ್ತು. ಲಿಫ್ಟಿನವರು ಅದನ್ನು ಹಾಕಿಕೊಂಡರು, ಕೆಲಸಕ್ಕೆ ಹೋದರು, ಬಂದರು, ಬಿಚ್ಚಿಟ್ಟರು. ತಡೆಯಲಾಗದೆ ಈಕೆಯೇ ಕೇಳಿದರು, ಅಂಗಿ ಹೇಗಿದೆ ಅಂತ.

“ಲಿಫ್ಟ್ ಸರಿಯಾಗಿ ಓಡ್ತಿದ್ರೆ ಯಾರಾದ್ರೂ ಫೋನ್ ಮಾಡಿ ಚೆನ್ನಾಗಿ ಓಡ್ತಿದೆ ಅಂತಾರಾ? ಕೆಟ್ರೆ ಮಾತ್ರ ಫೋನ್ ಬರೋದು. ಫೋನ್ ಬರ್ಲಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ಅರ್ಥ.”

ಟೈಲರಮ್ಮ ಅದನ್ನು ನುಂಗಿಕೊಂಡರು. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಅಷ್ಟೂ ವರ್ಷ ಮನೆಯಲ್ಲಿ ಫೋನ್ ಬರಲೇ ಇಲ್ಲ, ಅಂದರೆ ಎಲ್ಲ ಚೆನ್ನಾಗಿತ್ತು. ಗಿರಾಕಿಗಳು ಹೊಗಳುತ್ತಿದ್ದರು. ಆದರೆ ಗಿರಾಕಿ ಹೊಗಳಿದರೆ ಕಿವಿಗೆ ತಂಪು, ಅಷ್ಟೆ. ಅದು ಒಳಗೆ ಇಳಿಯುತ್ತಿರಲಿಲ್ಲ.

ಲಿಫ್ಟಿನವರು ಕೆಲಸದಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಕೂತು ಮಂಡಿ ಹಿಡಿದುಕೊಂಡಿತು. ದಿನಾ ನಡೆಯಲೇಬೇಕು ಎಂದರು ಡಾಕ್ಟರು. ಸುಮ್ಮನೆ ನಡೆಯುವುದು ಅವರಿಗೆ ನಾಚಿಕೆ. ಎಲ್ಲಿಗೆ ಹೊರಟಿರಿ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು? ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟವರು, ಬೀದಿನಾಯಿಗಳನ್ನು ಸಾಕುವ ಆಶ್ರಮದಿಂದ ಕಂದುಬಣ್ಣದ ಹೆಣ್ಣುನಾಯಿಯೊಂದನ್ನು ಕರೆದುಕೊಂಡು ಬಂದರು. ಅದರ ಒಂದು ಕಿವಿ ನಿಂತಿತ್ತು, ಇನ್ನೊಂದು ಜೋತುಬಿದ್ದಿತ್ತು.

“ಇದರ ಹೆಸರು ಗುಂಡಿ” ಎಂದರು.

ಟೈಲರಮ್ಮನ ಮುಖ ಅರಳಿತು. ಗುಂಡಿ ಎಂದರೆ ತನ್ನ ಡಬ್ಬದ ಗುಂಡಿ, ತನ್ನ ಕಸುಬಿನ ಹೆಸರನ್ನೇ ಇಟ್ಟಿದ್ದಾರೆ ಎಂದುಕೊಂಡರು. ಅವತ್ತು ನಾಯಿಗೆ ಹಾಸಲು ಹಳೆಯ ಕೋಟಿನ ಬಟ್ಟೆಯಲ್ಲಿ ಮೆತ್ತನೆಯ ಹಾಸಿಗೆಯನ್ನೂ ಹೊಲಿದರು. ಸಂಜೆ ಮೇಲಿನ ಮನೆಯವರು ಹೆಸರಿನ ಬಗ್ಗೆ ಕೇಳಿದಾಗ ಲಿಫ್ಟಿನವರು ವಿವರಿಸಿದರು: ನಾಯಿಯ ಮೂಗು ನೋಡಿ, ಥೇಟ್ ಲಿಫ್ಟಿನ ಗುಂಡಿ ಹಾಗೇ ಇದೆ, ಒತ್ತೋಣ ಅನ್ನಿಸುತ್ತೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಟೈಲರಮ್ಮನಿಗೆ ಅದು ಕೇಳಿಸಿತು. ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲಿ.

ಗುಂಡಿ ಹಗ್ಗ ಎಳೆಯುತ್ತಿತ್ತು, ಸೈಕಲ್ ಕಂಡರೆ ಬೊಗಳುತ್ತಿತ್ತು, ಬಂದವರ ಎದೆಗೆ ಕಾಲಿಡುತ್ತಿತ್ತು. ನಾಯಿ ಸಾಕಿದ ಮೇಲೆ ಅದರಿಂದ ಬೇರೆಯವರಿಗೆ ತೊಂದರೆಯಾಗಬಾರದು ಎಂದು ಲಿಫ್ಟಿನವರು ಅದಕ್ಕೆ ಚುಚ್ಚುಮದ್ದು ಹಾಕಿಸಿದರು, ಕುತ್ತಿಗೆಯ ಚರ್ಮದಡಿ ಗುರುತಿನ ಚಿಪ್ ಹಾಕಿಸಿದರು, ಭಾನುವಾರದ ತರಬೇತಿಗೂ ಸೇರಿಸಿದರು. ಶಾಲೆಯ ಹಿಂದಿನ ಮೈದಾನದಲ್ಲಿ ಒಬ್ಬ ಮೇಡಂ ಅದನ್ನು ನಡೆಸುತ್ತಿದ್ದರು. ಹೊಡೆಯಬಾರದು, ಕುತ್ತಿಗೆ ಜಗ್ಗಬಾರದು, ಕಿರುಚಬಾರದು. ನಾಯಿ ಸರಿಯಾದದ್ದನ್ನು ಮಾಡಿದ ಆ ಗಳಿಗೆಗೇ ಒಂದು ಚೂರು ತಿಂಡಿ, ಒಂದು ಒಳ್ಳೆಯ ಮಾತು. ಅಷ್ಟೇ ಪಾಠ. ಕೊಟ್ಟ ತಿಂಡಿಯನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಬೇಕು, ಇಲ್ಲದಿದ್ದರೆ ನಾಯಿ ಡೋಲು ಆಗುತ್ತದೆ.

ತಿಂಡಿ ಇಟ್ಟುಕೊಳ್ಳಲು ಸೊಂಟಕ್ಕೆ ಕಟ್ಟುವ ಚೀಲ ಬೇಕಾಯಿತು. ಒಂದೇ ಕೈಯಲ್ಲಿ ತೆಗೆಯುವಂತಿರಬೇಕು, ಬಗ್ಗಿದರೆ ಚೆಲ್ಲಬಾರದು. ಟೈಲರಮ್ಮ ಮಳೆಕೋಟಿನ ಬಟ್ಟೆಯ ಒಳಪದರ ಹಾಕಿ, ಬಾಯಿಗೆ ಮಡಿಕೆ ಕೊಟ್ಟು, ಅಂಚಿಗೆ ಜೋಡಿ ಹೊಲಿಗೆ ಹಾಕಿ ಹೊಲಿದುಕೊಟ್ಟರು. ಲಿಫ್ಟಿನವರು ಕಟ್ಟಿಕೊಂಡರು. ಒಳಗೆ ಕೈ ಹಾಕಿ ತೆಗೆದು ನೋಡಿದರು. ಸರಿಯಾಗಿತ್ತು, ಆದ್ದರಿಂದ ಏನೂ ಹೇಳಲಿಲ್ಲ. ಅಷ್ಟರಲ್ಲಿ ಗುಂಡಿ ಅವರ ಮುಂದೆ ತಾನಾಗಿ ಕೂತಿತು.

“ಭೇಷ್! ಎಂಥ ಜಾಣೆ ನನ್ನ ಪುಟ್ಟಿ! ಹೇಳದೇನೇ ಕೂತ್ಕೊಂಡ್ಯಾ?”

ಆ ದನಿಯನ್ನು ಟೈಲರಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ತನ್ನ ಗಂಡನ ಗಂಟಲಲ್ಲಿ ಇಂಥದೊಂದು ದನಿ ಇತ್ತೆಂಬುದೇ ಆಕೆಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತರು. ಕೂತಿದ್ದಕ್ಕೆ ಭೇಷ್. ತಾನು ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿಲ್ಲವೇ?

ಆಮೇಲೆ ಮನೆ ತುಂಬ ಭೇಷ್‌ಗಳದೇ ಸುರಿಮಳೆ. ಬಾಗಿಲ ಹತ್ತಿರ ತಡೆದು ನಿಂತರೆ ಭೇಷ್, ಸೈಕಲ್ ನೋಡಿಯೂ ಬಾಯಿ ಮುಚ್ಚಿಕೊಂಡಿದ್ದರೆ ಭೇಷ್, ಮೈದಾನದಲ್ಲಿ ಕರೆದ ಕೂಡಲೇ ಓಡಿಬಂದರೆ ಭೇಷ್ ಭೇಷ್. ಟೈಲರಮ್ಮ ಯಂತ್ರ ತುಳಿಯುತ್ತ ಲೆಕ್ಕ ಹಾಕುತ್ತ ಕೂರುವರು, ಒಂದೊಂದು ಭೇಷ್‌ಗೂ ಒಂದೊಂದು ಸೂಜಿ ಚುಚ್ಚಿದಂತೆ. ಮಗಳ ಜೊತೆ ಫೋನಿನಲ್ಲಿ ದೂರಿದರೆ ಅವಳು ನಕ್ಕುಬಿಟ್ಟಳು. ನಾಯಿಯ ಮೇಲೆ ಸವತಿ ಮತ್ಸರವೇನಮ್ಮಾ ಎಂದಳು. ಟೈಲರಮ್ಮ ಫೋನ್ ಇಟ್ಟವರು ಎರಡು ವಾರ ಅವಳಿಗೆ ತಾವಾಗಿ ಫೋನ್ ಮಾಡಲಿಲ್ಲ.

ಗಾಯದ ಮೇಲೆ ಬರೆ ಎಳೆದದ್ದು ವಿಮೆ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ವರ್ಷ ವರ್ಷ ಬರುವ ವಿಮೆ ಏಜೆಂಟರೊಬ್ಬರು ಇದ್ದರು. ಮನುಷ್ಯರಿಗೆ ಇದ್ದಂತೆ ನಾಯಿಗೂ ವಿಮೆ ಇದೆ ಎಂದು ಅವರೇ ಹೇಳಿದ್ದು. ಕಾಯಿಲೆ, ಅಪಘಾತ, ಆಪರೇಷನ್ನು, ನಾಯಿಯಿಂದ ಯಾರಿಗಾದರೂ ಪೆಟ್ಟಾದರೆ ಅದೂ ಸೇರುತ್ತದೆ. ಮೊದಲ ಕೆಲವು ವಾರ ಲೆಕ್ಕಕ್ಕಿಲ್ಲ, ಮೊದಲೇ ಇದ್ದ ರೋಗ ಲೆಕ್ಕಕ್ಕಿಲ್ಲ, ಚುಚ್ಚುಮದ್ದು ತಪ್ಪಿಸಿದರೂ ಲೆಕ್ಕಕ್ಕಿಲ್ಲ. ಲಿಫ್ಟಿನವರು ಭೂತಗನ್ನಡಿ ಹಿಡಿದು ಸಣ್ಣಕ್ಷರಗಳನ್ನೆಲ್ಲ ಓದಿ, ಅರ್ಥವಾಗದ ಕಡೆ ಏಜೆಂಟರನ್ನು ಕೂರಿಸಿಕೊಂಡು ಕೇಳಿ, ಆಮೇಲೆ ಸಹಿ ಹಾಕಿದರು. ಟೈಲರಮ್ಮ ಪ್ಯಾಂಟಿನ ಹೊಲಿಗೆ ಬಿಚ್ಚುತ್ತ, ನಮ್ಮ ಮದುವೆಯ ಪತ್ರಿಕೆಯನ್ನೂ ಇವರು ಇಷ್ಟು ಗಮನವಿಟ್ಟು ಓದಿರಲಿಕ್ಕಿಲ್ಲ ಎಂದು ಏಜೆಂಟರಿಗೆ ಹೇಳಿದರು. ತಮಾಷೆಯೆಂದು ತಿಳಿದು ಏಜೆಂಟರು ನಕ್ಕರು.

ಇನ್ನೊಂದು ಅನುಮಾನವೂ ಮನಸ್ಸಿನಲ್ಲಿ ಸುಳಿದಾಡುತ್ತಿತ್ತು. ಮಾತುಮಾತಿಗೆ ಮೇಡಂ ಹಾಗಂದರು, ಮೇಡಂ ಹೀಗಂದರು. ಯಾರಪ್ಪ ಈ ಮೇಡಂ? ಒಂದು ಭಾನುವಾರ ಅಂಗಡಿಯ ಬಾಗಿಲೆಳೆದು, ಗಂಡನ ಹಿಂದೆಯೇ ಮೈದಾನಕ್ಕೆ ಹೋಗಿ ಗೇಟಿನ ಪಕ್ಕ ನಿಂತರು. ಮೇಡಂ ಕುಳ್ಳಗಿದ್ದರು, ಕೆಸರು ಮೆತ್ತಿದ ಬೂಟು, ಒಡಕು ದನಿ, ವಯಸ್ಸಿನಲ್ಲಿ ಟೈಲರಮ್ಮನಿಗಿಂತ ದೊಡ್ಡವರು. ಹೊಟ್ಟೆಕಿಚ್ಚು ಪಡಲು ಅಲ್ಲಿ ಏನೂ ಸಿಗಲಿಲ್ಲ. ಆಕೆಯ ಕೋಟಿನ ತೋಳು ಕೂಡ ಅಳತೆ ತಪ್ಪಿ ಉದ್ದವಾಗಿತ್ತು. ಕಿಚ್ಚೆಲ್ಲ ತಿರುಗಿ ನಾಯಿಯ ಮೇಲೇ ಬಂತು.

ಮೇಡಂ ಆಕೆಯನ್ನು ಕಂಡು ಒಳಗೆ ಕರೆದರು. ಮನೆಯವರೆಲ್ಲ ಬಂದರೆ ಒಳ್ಳೆಯದು, ನಾಯಿಗೆ ಒಬ್ಬರದೊಂದು ಇನ್ನೊಬ್ಬರದೊಂದು ನಿಯಮ ಇರಬಾರದು ಎಂದರು. ಆಮೇಲೆ ಪಾಠ ಮುಂದುವರಿಸಿದರು.

“ನೀವು ಯಾವುದಕ್ಕೆ ತಿಂಡಿ ಕೊಡ್ತೀರೋ ಅದನ್ನೇ ಅದು ಮತ್ತೆ ಮತ್ತೆ ಮಾಡುತ್ತೆ. ಇನ್ನೊಂದು, ತಡ ಮಾಡಿ ಹೊಗಳಿದ್ರೆ ಪ್ರಯೋಜನ ಇಲ್ಲ. ಒಂದು ಉಸಿರು ಬಿಡೋದ್ರೊಳಗೆ ಹೇಳಿಬಿಡ್ಬೇಕು.”

“ಮೂವತ್ತು ವರ್ಷ ತಡವಾದ್ರೆ?” ಎಂದರು ಟೈಲರಮ್ಮ.

ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಲಿಫ್ಟಿನವರು ಮಾತ್ರ ಬಗ್ಗಿ ಗುಂಡಿಯ ಹಗ್ಗದ ಕೊಂಡಿ ಸರಿಮಾಡತೊಡಗಿದರು. ಅದು ಸರಿಯಾಗಿಯೇ ಇತ್ತು.

ಮೇಡಂ ಹೇಳಿದ್ದರಲ್ಲಿ ಟೈಲರಮ್ಮನಿಗೆ ಬೇಕಾದ ಒಂದು ಮಾತು ಸಿಕ್ಕಿತ್ತು. ತಿಂಡಿ ಕೊಟ್ಟರೆ ನಾಯಿ ಮತ್ತೆ ಮತ್ತೆ ಬರುತ್ತದೆ. ಹಾಗಾದರೆ ಅದು ತನ್ನ ಹತ್ತಿರವೇ ಬರಲಿ. ಗಂಡನಿಂದ ಬಾರದ ಮಾತನ್ನು ಎಳೆದು ತರಲು ಆಗದು, ಗಂಡನಿಂದ ನಾಯಿಯನ್ನು ಎಳೆದುಕೊಳ್ಳಲಂತೂ ಆದೀತು.

ಮರುದಿನ ಲಿಫ್ಟಿನವರು ಸ್ನಾನಕ್ಕೆ ಹೋದದ್ದೇ ತಡ, ಬೆಣ್ಣೆ ಸವರಿದ ಬ್ರೆಡ್ಡಿನ ತುಂಡನ್ನು ಕತ್ತರಿಸುವ ಮೇಜಿನ ಅಂಚಿಗೆ ಇಟ್ಟರು. ಗುಂಡಿ ಕೆಳಗಿನಿಂದ ಮೂಸಿತು, ಮುಂಗಾಲೆರಡನ್ನೂ ಮೇಜಿಗೆ ಊರಿ ನಿಂತಿತು, ಗುಳುಂ ಮಾಡಿತು. ಭೇಷ್ ಎಂದು ಪಿಸುಗುಟ್ಟಿದರು ಟೈಲರಮ್ಮ. ಅದರ ಮರುದಿನ ಮೊಟ್ಟೆ, ಆಮೇಲೆ ಚೀಸ್, ತಟ್ಟೆಯಲ್ಲಿ ಉಳಿದದ್ದು, ಉಳಿಸಿದ್ದು. ಕೆಲವೇ ದಿನಗಳಲ್ಲಿ ಗುಂಡಿ ಹೊಲಿಗೆ ಯಂತ್ರದ ಕಾಲ ಬುಡದಲ್ಲಿ ಠಿಕಾಣಿ ಹೂಡಿತು. ಲಿಫ್ಟಿನವರು ಹಗ್ಗ ಹಿಡಿದು ಬಾಗಿಲಲ್ಲಿ ನಿಂತು ಕರೆದರೆ ತಲೆಯೆತ್ತಿ ಟೈಲರಮ್ಮನ ಮುಖ ನೋಡುವುದು, ಏಳುವುದಿಲ್ಲ. ಚೀಲದಿಂದ ಕ್ಯಾರೆಟ್ ಚೂರು ತೆಗೆದು ತೋರಿಸಿದರೂ ಇಲ್ಲ. ಬೆಣ್ಣೆಯ ಮುಂದೆ ಕ್ಯಾರೆಟ್ಟು ಎಲ್ಲಿಯದು?

ಗಂಡ ಬಾಗಿಲಲ್ಲಿ ಸಪ್ಪಗೆ ನಿಂತಿದ್ದನ್ನು ನೋಡಿದಾಗ ಟೈಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಒಂದು ಸಣ್ಣ ಹುಳಿಯೂ ಇತ್ತು, ಅದನ್ನು ಆಕೆ ಆಗ ಗಮನಿಸಲಿಲ್ಲ. ನಾಯಿ ದಪ್ಪವಾಗುತ್ತಿದೆ, ಮನೆಯಲ್ಲಿ ಯಾರೋ ಕೈತಿಂಡಿ ಕೊಡುತ್ತಿದ್ದಾರೆ ಎಂದು ಮೇಡಂ ಹೇಳಿದ್ದನ್ನು ಲಿಫ್ಟಿನವರು ಊಟಕ್ಕೆ ಕೂತಾಗ ಹೇಳಿದರು. ಟೈಲರಮ್ಮ ನೀರಿನ ಲೋಟದ ಕಡೆ ನೋಡಿದರು. ಮನೆಯಲ್ಲಿ ಇರುವುದೇ ಇಬ್ಬರು. ಲಿಫ್ಟಿನವರು ಮತ್ತೆ ಆ ವಿಷಯ ಎತ್ತಲಿಲ್ಲ. ಒಬ್ಬರೇ ನಡೆಯಲು ಹೋಗತೊಡಗಿದರು, ಹಗ್ಗವನ್ನು ಕೈಗೆ ಸುತ್ತಿಕೊಂಡು.

ಹೀಗಿರುವಾಗ ಒಂದು ಮಧ್ಯಾಹ್ನ. ಟೈಲರಮ್ಮ ಮಕ್ಕಳ ಪೈಜಾಮಗಳಿಗೆ ಎಲಾಸ್ಟಿಕ್ ಕತ್ತರಿಸುತ್ತಿದ್ದರು. ನಡುನಡುವೆ ಗುಂಡಿಗೆ ಬೆಣ್ಣೆಬ್ರೆಡ್ಡು. ಅದೇ ಬೆರಳಲ್ಲಿ ಎಲಾಸ್ಟಿಕ್ಕು. ಹೊರಗೆ ಯಾರೋ ಅಳತೆ ಕೊಡಲು ಬಂದರು, ಆಕೆ ಎದ್ದುಹೋದರು. ವಾಪಸ್ ಬಂದಾಗ ಮೇಜಿನ ಮೇಲೆ ಒಂದು ಉದ್ದನೆಯ ತುಂಡು ಕಮ್ಮಿಯಿತ್ತು. ಕೆಳಗೆ ಬಿದ್ದಿರಬೇಕೆಂದು ಹುಡುಕಿ, ಸಿಗದೆ, ಬೇರೆ ಕತ್ತರಿಸಿಕೊಂಡರು.

ಮರುದಿನ ಗುಂಡಿ ಏನೂ ಮುಟ್ಟಲಿಲ್ಲ. ಬೆಣ್ಣೆ ಇಟ್ಟರೂ ಮೂತಿ ತಿರುಗಿಸಿತು. ವಾಂತಿ ಮಾಡಿಕೊಂಡಿತು, ಬೆನ್ನು ಬಿಲ್ಲಿನಂತೆ ಬಗ್ಗಿಸಿ ನಿಂತಿತು. ಅದು ಹಾಗೆ ನಿಂತದ್ದನ್ನು ನೋಡಿದ ಕೂಡಲೇ ಟೈಲರಮ್ಮನಿಗೆ ಕಾಣೆಯಾದ ಎಲಾಸ್ಟಿಕ್ ನೆನಪಾಯಿತು. ಗಂಡನನ್ನು ಕೂಗಿದರು. ಆಟೋದಲ್ಲಿ ದಾರಿಯುದ್ದಕ್ಕೂ ನಾಯಿಯ ತಲೆ ಆಕೆಯ ತೊಡೆಯ ಮೇಲಿತ್ತು, ಬಾಲ ಗಂಡನ ತೊಡೆಯ ಮೇಲೆ.

ಪಶುವೈದ್ಯೆ ಎಳೆಯ ವಯಸ್ಸಿನವರು. ಏನು ನುಂಗಿದೆ ಎಂದು ಕೇಳಿದಾಗ ಟೈಲರಮ್ಮ ಮುಚ್ಚುಮರೆ ಮಾಡಲಿಲ್ಲ, ಎಷ್ಟು ಅಗಲ, ಎಷ್ಟು ಉದ್ದ, ಯಾವಾಗ ಎಂದು ಹೇಳಿದರು. ಹೊಟ್ಟೆಯ ಸ್ಕ್ಯಾನ್ ಮಾಡಿ ನೋಡಿದ ಮೇಲೆ ಡಾಕ್ಟರು ಹೊರಗೆ ಬಂದರು.

“ಇಂಥ ಉದ್ದನೆಯ ವಸ್ತುವಿನ ಒಂದು ತುದಿ ಎಲ್ಲಾದ್ರೂ ಸಿಕ್ಕಿಕೊಂಡ್ರೆ, ಕರುಳು ಅದರ ಮೇಲೆ ನೆರಿಗೆ ಕಟ್ಟಿಬಿಡುತ್ತೆ. ತಡ ಮಾಡೋ ಹಾಗಿಲ್ಲ, ಈಗ್ಲೇ ಆಪರೇಷನ್ ಮಾಡ್ಬೇಕು.”

ನೆರಿಗೆ. ಎಳೆದು ಹಿಡಿದ ಎಲಾಸ್ಟಿಕ್ಕಿಗೆ ಬಟ್ಟೆ ಹೊಲಿದು ಬಿಟ್ಟರೆ ಅದು ಹೇಗೆ ಸುಕ್ಕಾಗಿ ಕೂಡಿಕೊಳ್ಳುತ್ತದೆಂದು ಟೈಲರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಮಾಡುವ ಕೆಲಸ. ಆಕೆ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು. ಎದುರಿಗೆ ಪಂಜರದಲ್ಲಿ ಯಾರದೋ ಬೆಕ್ಕು, ಅದರ ಪಕ್ಕ ಔಷಧಿಯ ಕಪಾಟು. ಲಿಫ್ಟಿನವರು ಏಜೆಂಟರಿಗೆ ಫೋನ್ ಮಾಡಿ, ಆಸ್ಪತ್ರೆಯಿಂದ ಯಾವ ಯಾವ ಕಾಗದ ಪಡೆಯಬೇಕೆಂದು ಕೇಳಿಕೊಂಡು ಬಂದು ಪಕ್ಕದಲ್ಲಿ ಕೂತರು.

“ಎಲಾಸ್ಟಿಕ್ ಮೇಜಿನ ಮೇಲೆ ಬಿಟ್ಟಿದ್ದು ನಾನು” ಎಂದರು ಟೈಲರಮ್ಮ. “ಮೇಜಿಗೆ ಕಾಲಿಡೋದು ಕಲಿಸಿದ್ದೂ ನಾನೇ.”

“ಗೊತ್ತು.”

“ಗೊತ್ತಿದ್ದೂ ಸುಮ್ನಿದ್ರಾ?”

ಲಿಫ್ಟಿನವರು ಬೆಕ್ಕಿನ ಕಡೆ ನೋಡುತ್ತ ಹೇಳಿದರು: “ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನೀನು ನಿಲ್ಲಿಸಿದ್ರೆ ಅದು ನನ್ನ ಹತ್ರ ಬರ್ತಿತ್ತು. ಬೇರೆ ಗತಿಯಿಲ್ದೆ ಬರೋದು ನಂಗೆ ಬೇಕಿರ್ಲಿಲ್ಲ. ತಾನಾಗೇ ಬರ್ಲಿ ಅಂತ ಕಾಯ್ತಾ ಇದ್ದೆ. ಹೊಟ್ಟೆ ಉರೀತಿತ್ತು ಕಣೇ. ನಿನ್ನ ಕಾಲ ಹತ್ರ ಅದು ಮಲಗಿದ್ದು ನೋಡಿ ನೋಡಿ.”

“ನಿಮ್ಗೆ ಈಗ ಉರೀತು. ನಂಗೆ ಮದ್ವೆಯಾದಾಗಿಂದ ಉರೀತಿದೆ.”

“ಯಾರ ಮೇಲೆ?”

“ನಿಮ್ಮ ಲಿಫ್ಟುಗಳ ಮೇಲೆ, ಸ್ಪ್ಯಾನರ್ ಮೇಲೆ. ಈಗ ಇದ್ರ ಮೇಲೆ. ಆ ನಾಯಿಗೆ ಒಂದು ದಿನಕ್ಕೆ ಹೇಳೋವಷ್ಟು ಒಳ್ಳೆ ಮಾತು ನಂಗೆ ಈ ಜನ್ಮದಲ್ಲಿ ಹೇಳಿಲ್ಲ ನೀವು.”

ಲಿಫ್ಟಿನವರ ಹುಬ್ಬು ಗಂಟಿಕ್ಕಿತು. ಕೆಟ್ಟ ಯಂತ್ರದ ಮುಂದೆ ಕೂತಾಗ ಅವರ ಮುಖ ಹಾಗೇ ಆಗುತ್ತಿತ್ತು.

“ಅದಕ್ಕೆ ಹೇಳೋದು ಸುಲಭ. ತಿರುಗಿ ಏನೂ ಅನ್ನಲ್ಲ. ನಿಂಗೆ ಹೇಳಿದ್ರೆ, ಇವತ್ತೇನು ಹೊಸದಾಗಿ ಅಂತೀಯ. ಹೆದರಿಕೆ.”

ಹಾಗೆ ಅನ್ನುತ್ತಿದ್ದೆ ಎಂಬುದು ಟೈಲರಮ್ಮನಿಗೂ ಗೊತ್ತಿತ್ತು.

ಗುಂಡಿ ಬದುಕಿತು. ಕರುಳು ಹರಿದಿರಲಿಲ್ಲ. ಹೊಟ್ಟೆಯ ಮೇಲಿನ ಹೊಲಿಗೆಯನ್ನು ನೋಡಿದ ಟೈಲರಮ್ಮ, ಡಾಕ್ಟರ ಕೈ ಪರವಾಗಿಲ್ಲ, ಹೊಲಿಗೆಗಳು ಸಮವಾಗಿವೆ ಎಂದರು. ವಿಮೆಯವರು ನಡೆದದ್ದನ್ನೆಲ್ಲ ಕೇಳಿ ಬರೆದುಕೊಂಡರು. ಚುಚ್ಚುಮದ್ದೆಲ್ಲ ಸರಿಯಾಗಿತ್ತು, ಕಾಯುವ ವಾರಗಳೂ ಮುಗಿದಿದ್ದವು, ಆಪರೇಷನ್ನಿನ ಹೆಚ್ಚಿನ ಭಾಗ ಅವರೇ ಭರಿಸಿದರು. ಏಜೆಂಟರ ಆ ವರ್ಷದ ಸೊಂಟವನ್ನು ಟೈಲರಮ್ಮ ಪುಕ್ಕಟೆಯಾಗಿ ಸಡಿಲಿಸಿಕೊಟ್ಟರು.

ಅಂಗಡಿಯ ಕೋಣೆಗೂ ಒಳಮನೆಗೂ ನಡುವೆ ಲಿಫ್ಟಿನವರು ಒಂದು ಗಿಡ್ಡ ಗೇಟು ಕೂರಿಸಿದರು. ದಾರ, ಸೂಜಿ, ಎಲಾಸ್ಟಿಕ್ಕೆಲ್ಲ ಮುಚ್ಚಳವಿರುವ ಪೆಟ್ಟಿಗೆ ಸೇರಿದವು. ತಟ್ಟೆಯಿಂದ ಏನೂ ಕೊಡುವಂತಿಲ್ಲ. ಗಾಯ ಮಾಗಿದ ಮೇಲೆ ಇಬ್ಬರೂ ಭಾನುವಾರದ ಪಾಠಕ್ಕೆ ಹೋಗತೊಡಗಿದರು. ಮೇಜಿಗೆ ಕಾಲಿಡುವುದನ್ನು ಬಿಡಿಸುವುದಕ್ಕೆ, ಕಲಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದಿನ ಹಿಡಿಯಿತು. ಮೇಜಿನ ಹತ್ತಿರ ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಒಂದು ಚೂರು. ಬೈಯಬೇಕೆನ್ನಿಸಿದಾಗಲೆಲ್ಲ ಟೈಲರಮ್ಮ ಬಾಯಿಗೆ ಗುಂಡುಪಿನ್ನು ಕಚ್ಚಿಕೊಂಡು ಕೂರುತ್ತಿದ್ದರು.

ಲಿಫ್ಟಿನವರೂ ತಮ್ಮ ಪಾಠ ಶುರುಮಾಡಿದ್ದರು. ಒಂದು ದಿನ ಟೈಲರಮ್ಮ ಟೀ ತಂದ ಕೂಡಲೇ, “ಭೇಷ್! ಎಂಥ ಟೀ!” ಎಂದುಬಿಟ್ಟರು, ನಾಯಿಗೆ ಹೇಳುವ ಅದೇ ದನಿಯಲ್ಲಿ. ಗುಂಡಿ ಎಲ್ಲಿದ್ದದ್ದೋ ಓಡಿಬಂದು ಅವರ ಮುಂದೆ ಕೂತಿತು.

“ನಾನೇನು ಗುಂಡಿನಾ?” ಎಂದು ಕಪ್ಪನ್ನು ಠಕ್ಕನೆ ಇಟ್ಟು ಹೋದರು ಟೈಲರಮ್ಮ. ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರೋ ಅತ್ತರೋ, ಅವರಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಲಿಫ್ಟಿನವರು ದನಿ ಬದಲಿಸಿದರು. ಕೆಲವು ವಾರ ಕಳೆದವು. ಒಂದು ಸಂಜೆ ಟೈಲರಮ್ಮ ಗಿರಾಕಿಯೊಬ್ಬರ ಕೋಟನ್ನು ಹ್ಯಾಂಗರಿಗೆ ಹಾಕಿ ದೂರ ನಿಂತು ನೋಡುತ್ತಿದ್ದರು. ಗೇಟಿನ ಆಚೆಯಿಂದ ಅವರು ಹೇಳಿದರು: “ತೋಳು ಸೇರೋ ಕಡೆ ಒಂದೂ ಸುಕ್ಕಿಲ್ಲ ನೋಡು. ಅದು ಕಷ್ಟ ಅಲ್ವಾ?”

ಕಷ್ಟವೇ. ಆ ಕಸುಬಿನಲ್ಲಿ ಅದಕ್ಕಿಂತ ಕಷ್ಟದ್ದು ಕಡಿಮೆ. ಇವತ್ತೇನು ಹೊಸದಾಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಟೈಲರಮ್ಮ ಅದನ್ನು ಅಲ್ಲೇ ತಡೆದರು. “ಹೂಂ, ಕಷ್ಟ” ಎಂದರು. ಕೋಟನ್ನು ತಿರುಗಿಸಿ ಇನ್ನೊಂದು ತೋಳನ್ನೂ ತೋರಿಸಿದರು.

ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಹೇಳಿದರೆ ಸುಳ್ಳಾದೀತು. ಗುಂಡಿ ಬೆಳಿಗ್ಗೆ ಎದ್ದು ಮೊದಲು ಯಾರ ಕಡೆ ಹೋಗುತ್ತದೆಂದು ಇಬ್ಬರೂ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು. ಅವರ ಕಡೆ ಹೋದರೆ ಈಕೆಗೆ ಟೀ ರುಚಿಸುತ್ತಿರಲಿಲ್ಲ, ಈಕೆಯ ಕಡೆ ಬಂದರೆ ಅವರು ಶೂ ಹುಡುಕಲು ಬೇಕೆಂದೇ ಹೊತ್ತು ಮಾಡುತ್ತಿದ್ದರು.

ಕಳೆದ ಬೇಸಗೆಯಲ್ಲಿ ಲಿಫ್ಟಿನವರ ತಂಗಿ ಒಂದು ವಾರ ಇರಲು ಬಂದರು. ನಾಯಿ ಕಂಡರೆ ಆಗದ ಹೆಂಗಸು. ಬಂದವರೇ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತರು, ಇದನ್ನು ಕಟ್ಟಿಹಾಕಿ ಅತ್ತಿಗೆ ಎಂದರು. ತಿಂಡಿ ಕೊಡಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಗುಂಡಿ ಮೆಲ್ಲಗೆ ಹೋಗಿ ಆಕೆಯ ಕಾಲ ಬುಡದಲ್ಲಿ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಹೊಲಿಗೆಯ ಗುರುತಿರುವ ಹೊಟ್ಟೆಯನ್ನು ತೋರಿಸಿ ಮಲಗಿತು. ಆ ವಾರವೆಲ್ಲ ಆಕೆ ಹೋದಲ್ಲಿ ಹಿಂದೆ ಹಿಂದೆ.

“ನೋಡಿದ್ರಾ?” ಎಂದರು ಟೈಲರಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

“ನೋಡ್ತಾನೇ ಇದ್ದೀನಿ” ಎಂದರು ಲಿಫ್ಟಿನವರು. “ಅವಳು ಹೊರಡೋದು ಯಾವತ್ತಂತೆ?”